ಭಾನುವಾರದ ಹಕ್ಕಿ ಕ್ಲಬ್: ಒಬ್ಬ ಟೈಲರ್ ಕೊಟ್ಟ ಮಾರ್ಕ್ಸ್

ಮೊದಲೇ ಹೇಳಿಬಿಡುತ್ತೇನೆ, ಕ್ಲಬ್ಬಿನ ಹೆಸರು ಬರೆಯುವುದಿಲ್ಲ. ಹೊಗಳಿಕೆ ಜೊತೆ ಸ್ವಲ್ಪ ಬೈಗುಳವೂ ಇದೆ. ಬರುವ ಭಾನುವಾರ ಅದೇ ಮುಖಗಳನ್ನು ನೋಡಬೇಕಲ್ಲ! ಮೈಸೂರಿನವರಾದರೆ ಹುಡುಕುವುದು ಕಷ್ಟವಿಲ್ಲ. ಭಾನುವಾರ ಬೆಳಗ್ಗೆ ಆರೂವರೆಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಹೋಗಿ. ಎಲ್ಲರೂ ಬಿರಬಿರನೆ ವಾಕಿಂಗ್ ಮಾಡುತ್ತಿರುತ್ತಾರೆ. ಒಂದು ಗುಂಪು ಮಾತ್ರ ನಿಂತಲ್ಲೇ ನಿಂತು, ಬಾಯಿ ತೆರೆದುಕೊಂಡು ಮರದ ತುದಿ ನೋಡುತ್ತಿರುತ್ತದೆ. ಅದೇ ನಮ್ಮದು.

ನನಗೆ 54 ವರ್ಷ. ಸರಸ್ವತಿಪುರಂನಲ್ಲಿ ಬ್ಲೌಸ್ ಹೊಲಿಯುವ ಸಣ್ಣ ಅಂಗಡಿ ಇದೆ. 26 ವರ್ಷ ಮಷೀನಿನ ಸೂಜಿ ನೋಡಿ ನೋಡಿ ಕತ್ತು ಹಿಡಿದುಕೊಂಡುಬಿಟ್ಟಿತ್ತು. ಡಾಕ್ಟರು ದಿನಾ ಸ್ವಲ್ಪ ಹೊತ್ತು ತಲೆಯೆತ್ತಿ ದೂರದ್ದು ನೋಡಿ ಎಂದರು. ಅಂಗಡಿ ಮುಂದೆ ದೂರದ್ದು ಎಂದರೆ ಎದುರಿನ ಮೆಡಿಕಲ್ ಸ್ಟೋರ್ ಬೋರ್ಡು, ಅಷ್ಟೇ. ಪಕ್ಕದ ಮನೆಯ ಹುಡುಗಿ ಡಿಗ್ರಿ ಓದುತ್ತಾಳೆ. ಅವಳಿಗೆ ಇದನ್ನು ಹೇಳಿದೆ. "ಆಂಟಿ, ನಮ್ಮ ಹಕ್ಕಿ ಕ್ಲಬ್ಬಿಗೆ ಬನ್ನಿ. ಅಲ್ಲಿ ಎರಡು ಗಂಟೆ ಅದೇ ಕೆಲಸ" ಎಂದಳು. ಹೋದೆ. ಈಗ ಒಂದೂವರೆ ವರ್ಷ ಆಯಿತು. ಕತ್ತು ಪರವಾಗಿಲ್ಲ.

ವರ್ಷಕ್ಕೆ 300 ರೂಪಾಯಿ ಚಂದಾ. ಮೊದಲ ಮೂರು ಭಾನುವಾರ ದುಡ್ಡು ಕೇಳುವುದಿಲ್ಲ, ಸುಮ್ನೆ ಬಂದು ನೋಡಬಹುದು. ವಾರಕ್ಕೊಂದು ನಡಿಗೆ, ತಿಂಗಳಿಗೊಂದು ಸಭೆ, ವರ್ಷದಲ್ಲಿ ಮೂರೋ ನಾಲ್ಕೋ ಪ್ರವಾಸ. ಪ್ರವಾಸದ ಟೆಂಪೋ ಖರ್ಚು ಬೇರೆ, ಬಂದವರು ಹಂಚಿಕೊಳ್ಳಬೇಕು.

ಬೈನಾಕ್ಯುಲರ್ ಇಲ್ಲ ಎಂದು ಯಾರೂ ಹಿಂಜರಿಯಬೇಡಿ. ಕ್ಲಬ್ಬಿನಲ್ಲಿ ನಾಲ್ಕು ಇವೆ, ಬಂದವರಿಗೆ ಕೊಡುತ್ತಾರೆ. ಮೊದಲ ದಿನ ನನ್ನ ಕೈಗೂ ಒಂದು ಕೊಟ್ಟರು. ಅದರಲ್ಲಿ ನನಗೆ ಕಂಡದ್ದು ಎರಡು ಕಪ್ಪು ಅರ್ಧಚಂದ್ರ. ಹಕ್ಕಿಯೂ ಇಲ್ಲ, ಮರವೂ ಇಲ್ಲ. ಮರ್ಯಾದೆಗೆ "ಆಹಾ" ಎಂದೆ. ಕ್ಲಬ್ಬಿನಲ್ಲಿ ಒಬ್ಬರು ರಿಟೈರ್ಡ್ ಮೇಷ್ಟ್ರಿದ್ದಾರೆ. ಅವರಿಗೆ ಸುಳ್ಳು ಬೇಗ ತಿಳಿಯುತ್ತದೆ. "ಏನಮ್ಮ, ಏನು ಕಾಣಿಸ್ತು ಹೇಳು ನೋಡೋಣ" ಎಂದರು. ನಾನು ನಕ್ಕುಬಿಟ್ಟೆ. ಕಣ್ಣಿಟ್ಟುಕೊಳ್ಳುವ ಕಡೆ ರಬ್ಬರಿನ ಬಟ್ಟಲು ಇರುತ್ತದಲ್ಲ, ಕನ್ನಡಕ ಹಾಕುವವರು ಅದನ್ನು ತಿರುಗಿಸಿ ಒಳಕ್ಕೆ ಇಳಿಸಿಕೊಳ್ಳಬೇಕಂತೆ. ಅವರೇ ತಿರುಗಿಸಿಕೊಟ್ಟರು. ಆಗ ಕಂಡಿತು ನೋಡಿ, ಒಣಕೊಂಬೆ ಮೇಲೆ ಕಳ್ಳಿಪೀರ! ಅದರ ಕಣ್ಣಿನ ಕಪ್ಪು ಗೀಟು ಕಾಡಿಗೆ ತೀಡಿದ ಹಾಗೆ.

ಇನ್ನೊಂದು ಪಾಠವನ್ನೂ ಅವತ್ತೇ ಕಲಿತೆ. ಹಕ್ಕಿ ಕಂಡ ಕೂಡಲೇ ಬೈನಾಕ್ಯುಲರ್ ಕಡೆ ಬಗ್ಗಿ ನೋಡಬಾರದು. ಕಣ್ಣು ಹಕ್ಕಿ ಮೇಲೇ ಇರಬೇಕು, ಕೈ ತಾನೇ ಮೇಲೆ ಬರಬೇಕು. ಸೂಜಿಗೆ ದಾರ ಪೋಣಿಸುವಾಗ ಹಾಗೇ ಅಲ್ವಾ? ಕಣ್ಣು ತೂತಿನ ಮೇಲೆ ಇರುತ್ತದೆ, ದಾರ ಬರುತ್ತದೆ. ಇದನ್ನು ಹೇಳಿದ್ದಕ್ಕೆ ಈಗ ಹೊಸಬರಿಗೆಲ್ಲ ಮೇಷ್ಟ್ರು "ದಾರ ಪೋಣಿಸಿದ ಹಾಗೆ" ಎಂದೇ ಪಾಠ ಶುರು ಮಾಡುತ್ತಾರೆ. ಕೊಳ್ಳುವ ಮನಸ್ಸಿದ್ದವರಿಗೆ ಒಂದು ಮಾತು: 8×42 ಕೊಳ್ಳಿ. 8 ಎಂದರೆ ಎಂಟು ಪಟ್ಟು ಹತ್ತಿರ, 42 ಎಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ಹತ್ತು ಪಟ್ಟಿನದು ಇನ್ನೂ ಚೆನ್ನ ಎಂದು ಅಂಗಡಿಯವರು ಹೇಳುತ್ತಾರೆ. ನಮ್ಮ ವಯಸ್ಸಿನ ಕೈ ನಡುಗಿದರೆ ಹಕ್ಕಿಯೂ ಹತ್ತು ಪಟ್ಟು ನಡುಗುತ್ತದೆ.

ನಡಿಗೆ ಎಂದು ಹೆಸರು, ನಡೆಯುವುದು ಕಡಿಮೆ. ಎರಡು ಗಂಟೆಯಲ್ಲಿ ಒಂದು ಕಿಲೋಮೀಟರ್ ಆದರೆ ಜಾಸ್ತಿ. ತೂಕ ಇಳಿಸಲು ಬರುವವರು ಬೇರೆ ದಾರಿ ನೋಡಿಕೊಳ್ಳಿ. ಈ ಕೆರೆ 1864ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆದದ್ದು. ಮದುವೆಯಾಗಿ ಬಂದಾಗಿನಿಂದ ನಾನು ಇದರ ಪಕ್ಕದಲ್ಲೇ ಇದ್ದೇನೆ. ಇಷ್ಟು ವರ್ಷ ನೀರಿನ ಮೇಲೆ ಕಂಡದ್ದೆಲ್ಲ ನನಗೆ ಬಾತುಕೋಳಿ, ಬೆಳ್ಳಗಿದ್ದದ್ದೆಲ್ಲ ಕೊಕ್ಕರೆ. ಈಗ ನೋಡಿದರೆ ಹೆಜ್ಜಾರ್ಲೆ (ಪೆಲಿಕನ್) ಬೇರೆ, ಬಣ್ಣದ ಕೊಕ್ಕರೆ ಬೇರೆ. ನಾಮದ ಕೋಳಿ ಬೇರೆ, ಗುಳುಮುಳುಕ ಬೇರೆ. ಗುಳುಮುಳುಕ ಪುಳಕ್ ಎಂದು ಮುಳುಗುತ್ತದೆ. ಎಲ್ಲಿ ಏಳುತ್ತದೆ ಎಂದು ಮಕ್ಕಳು ಚಾಕೊಲೇಟ್ ಪಂದ್ಯ ಕಟ್ಟುತ್ತಾರೆ. ನಾನೂ ಎರಡು ಸಲ ಸೋತಿದ್ದೇನೆ.

ನನಗೆ ಹುಚ್ಚು ಹಿಡಿಸಿದ್ದು ಮಾತ್ರ ಕೊಳದ ಬಕ. ಕೆಸರಿನ ಪಕ್ಕ ಮಣ್ಣಿನ ಬಣ್ಣದಲ್ಲಿ ಮುದುರಿಕೊಂಡು ಕೂತಿತ್ತು, ಹಳೇ ಗೋಣಿಚೀಲದ ಹಾಗೆ. ಹತ್ತಿರ ಹೋದೆವು, ಎದ್ದಿತು. ಎದ್ದರೆ ಅಚ್ಚ ಬಿಳಿ! ರೆಕ್ಕೆ ಪೂರ್ತಿ ಬಿಳಿ. ಮತ್ತೆ ಇಳಿದು ಕೂತಿತು, ಮತ್ತೆ ಗೋಣಿಚೀಲ. ಮೇಲೆ ಮಾಸಲು ಬಟ್ಟೆ, ಒಳಗೆ ರೇಷ್ಮೆ ಲೈನಿಂಗ್.

ತಿಂಗಳ ಕೊನೆಯ ಶನಿವಾರ ಸಂಜೆ ಸಭೆ. ಒಂದು ಶಾಲೆಯ ರೂಮಿನಲ್ಲಿ, ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಮಡಚಿಕೊಂಡು ಕೂರಬೇಕು. ಯಾರಾದರೂ ಫೋಟೋ ತೋರಿಸುತ್ತಾ ಮಾತಾಡುತ್ತಾರೆ. ನನ್ನ ಮೊದಲ ತಕರಾರು ಇಲ್ಲೇ. ಕೂತವರು ಇಪ್ಪತ್ತೈದು ಜನ, ಎಲ್ಲರೂ ಮನೆಯಲ್ಲಿ ಕನ್ನಡ ಮಾತಾಡುವವರು. ಭಾಷಣ ಮಾತ್ರ ಇಂಗ್ಲಿಷಿನಲ್ಲಿ. ಹಕ್ಕಿಗಳ ಹೆಸರು ಟಿಕ್ ಮಾಡುವ ಕಾರ್ಡೂ ಇಂಗ್ಲಿಷೇ. ಕಳ್ಳಿಪೀರ, ಕಾಜಾಣ, ಪಿಕಳಾರ, ಗೊರವಂಕ, ಹರಟೆಮಲ್ಲ, ಕೆಂಬೂತ. ನಂಜನಗೂಡಿನ ಕಡೆಯ ನಮ್ಮಮ್ಮನಿಗೆ ಇವೆಲ್ಲ ಗೊತ್ತಿತ್ತು. ಮದುವೆಯಾಗಿ ಸಿಟಿಗೆ ಬಂದ ಮೇಲೆ ನಾನು ಮರೆತಿದ್ದೆ. ಮೇಷ್ಟ್ರು ನನ್ನ ಕಾರ್ಡಿನಲ್ಲಿ ಒಂದೊಂದರ ಪಕ್ಕ ನೀಲಿ ಪೆನ್ನಿನಲ್ಲಿ ಕನ್ನಡ ಹೆಸರು ಬರೆದುಕೊಟ್ಟರು. ಅದನ್ನು ಜೆರಾಕ್ಸ್ ಮಾಡಿಸಿ ಎಲ್ಲರಿಗೂ ಹಂಚಿ ಎಂದು ಮೂರು ಸಭೆಯಲ್ಲಿ ಕೇಳಿದೆ. "ಮಾಡೋಣ" ಎನ್ನುತ್ತಾರೆ. ಆಮೇಲೆ ನಾನೇ 30 ಪ್ರತಿ ಮಾಡಿಸಿ ಹಂಚಿದೆ.

ಆದರೆ ಹೋದ ಆಗಸ್ಟಿನ ಸಭೆ ಮಾತ್ರ ನಾನು ಸಾಯುವ ತನಕ ಮರೆಯುವುದಿಲ್ಲ. ಅವತ್ತು ಭಾಷಣ ಮಾಡಬೇಕಾದವರು ಬರಲಿಲ್ಲ. ಮೇಷ್ಟ್ರು ಚಪ್ಪಲಿ ಡಬ್ಬ ಒಂದನ್ನು ತಂದಿದ್ದರು. ಅವರ ಹಿತ್ತಲಿನ ಬಾದಾಮಿ ಗಿಡದಲ್ಲಿ ಸಿಂಪಿಗ, ಅಂದರೆ ಎಲೆ ಹೊಲಿಯುವ ಪುಟ್ಟ ಹಕ್ಕಿ, ಗೂಡು ಕಟ್ಟಿತ್ತಂತೆ. ಮರಿಗಳು ಹಾರಿಹೋದ ಮೇಲೆ, ಗಾಳಿಗೆ ಎಲೆ ಸಮೇತ ಉದುರಿದ್ದನ್ನು ಎತ್ತಿಟ್ಟಿದ್ದರು. ಡಬ್ಬ ನನ್ನ ಮುಂದಿಟ್ಟು, "ನೀನು ನೋಡಿ ಹೇಳಮ್ಮ, ಹೊಲಿಗೆ ಹೇಗಿದೆ" ಎಂದರು.

ಕನ್ನಡಕ ಒರೆಸಿಕೊಂಡು ಟ್ಯೂಬ್‌ಲೈಟ್ ಕೆಳಗೆ ಹಿಡಿದು ನೋಡಿದೆ. ಒಂದು ದೊಡ್ಡ ಎಲೆ. ಹಕ್ಕಿ ಅದರ ಎರಡು ಅಂಚನ್ನು ಹತ್ತಿರ ತಂದು ಪೊಟ್ಟಣದ ಹಾಗೆ ಸೇರಿಸಿದೆ. ಒಳಗೆ ಹತ್ತಿ, ನಾರು, ಯಾವುದೋ ಮೆತ್ತನೆ ಕೂದಲು. ನಾನು ಹುಡುಕಿದ್ದು ಓಡುವ ದಾರ. ನಾವು ಹೊಲಿದರೆ ಒಂದೇ ದಾರ ಈ ತುದಿಯಿಂದ ಆ ತುದಿಗೆ ಓಡುತ್ತದೆ. ಇಲ್ಲಿ ಓಡಿಲ್ಲ. ಒಂದೊಂದು ಹೊಲಿಗೆಯೂ ಬೇರೆ ಬೇರೆ. ಕೊಕ್ಕಿನಿಂದ ತೂತು ಮಾಡಿ, ಹತ್ತಿ ಎಳೆಯನ್ನೋ ಜೇಡನ ಬಲೆಯನ್ನೋ ತೂರಿಸಿ ಎಳೆದಿದೆ. ಗಂಟೇ ಇಲ್ಲ! ಆಚೆ ಬದಿಯಲ್ಲಿ ಎಳೆ ಉಬ್ಬಿ ಹರಡಿಕೊಂಡಿದೆ, ಅದಕ್ಕೇ ಹಿಂದಕ್ಕೆ ಜಾರುವುದಿಲ್ಲ. ಪ್ರೆಸ್ ಬಟನ್ ಕೂರುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ಒಂದು ಹೊಲಿಗೆ ಬಿಚ್ಚಿಕೊಂಡರೂ ಪಕ್ಕದ್ದು ಗಟ್ಟಿಯಾಗೇ ಇರುತ್ತದೆ. ನನ್ನ ಮಷೀನಿನ ಹೊಲಿಗೆಯಲ್ಲಿ ಒಂದು ಕಡೆ ದಾರ ಕಿತ್ತರೆ ಪಕ್ಕದ ಹೊಲಿಗೆಯೂ ಸಡಿಲವಾಗುತ್ತದೆ.

ಎಣಿಸಿದೆ, 27 ಹೊಲಿಗೆ. ತೂತು ಎಷ್ಟು ಸಣ್ಣದೆಂದರೆ, ಗೂಡಿನಲ್ಲಿ ಮರಿ ಇರುವಷ್ಟು ದಿನವೂ ಎಲೆ ಹಸಿರಾಗೇ ಇತ್ತಂತೆ. ಹೊಲಿಯುವುದು ಹೆಣ್ಣು ಹಕ್ಕಿ ಎಂದರು ಮೇಷ್ಟ್ರು. ಅಂಚು ಎಲ್ಲ ಕಡೆ ಒಂದೇ ಸಮ ಬಂದಿರಲಿಲ್ಲ, ಒಂದು ಮೂಲೆಯಲ್ಲಿ ಸ್ವಲ್ಪ ಸುಕ್ಕು ಬಿದ್ದಿತ್ತು. ಅದನ್ನೂ ಹೇಳಿದೆ. ಎಲ್ಲರೂ ನಕ್ಕರು. ಆದರೆ ಅಳತೆ ಟೇಪಿಲ್ಲ, ಚಾಕ್ ಗುರುತಿಲ್ಲ, ಕೈಯೇ ಇಲ್ಲ! ನನ್ನ ಹತ್ತಿರ ಕೆಲಸ ಕಲಿಯುವ ಹುಡುಗಿಯರು ಹುಕ್ಕು ಹಾಕಲು ತಿಂಗಳು ತೆಗೆದುಕೊಳ್ಳುತ್ತಾರೆ. ಈ ಒಂದು ಸಂಜೆಗೇ ನನ್ನ 300 ರೂಪಾಯಿ ವಸೂಲಾಯಿತು.

ಈಗ ಬೈಗುಳ. ಕ್ಲಬ್ಬಿನಲ್ಲಿ ಎರಡು ಜಾತಿ. ನೋಡುವವರು, ಫೋಟೋ ಹೊಡೆಯುವವರು. ಎರಡನೆಯವರಲ್ಲಿ ಒಳ್ಳೆಯವರೂ ಇದ್ದಾರೆ, ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ತೋರಿಸುತ್ತಾರೆ. ಆದರೆ ಒಬ್ಬ ಮಹಾಶಯರು ಪೊದೆ ಮುಂದೆ ನಿಂತು ಫೋನಿನಲ್ಲಿ ಅದೇ ಹಕ್ಕಿಯ ಕೂಗನ್ನು ಜೋರಾಗಿ ಹಾಕಿದರು. ತನ್ನ ಜಾಗಕ್ಕೆ ಇನ್ನೊಬ್ಬ ಬಂದ ಎಂದುಕೊಂಡು ಹಕ್ಕಿ ಜಗಳಕ್ಕೆ ಹೊರಗೆ ಬರುತ್ತದಂತೆ, ಆಗ ಫೋಟೋ ಚೆನ್ನಾಗಿ ಬರುತ್ತದಂತೆ. ಮೊಟ್ಟೆಯಿಡುವ ಕಾಲದಲ್ಲಿ ಆ ಪಾಪದ ಪ್ರಾಣಿಗೆ ಗೂಡು ಬಿಟ್ಟು ಬರುವ ಕೆಲಸ. ಮೇಷ್ಟ್ರು ಫೋನ್ ಕಿತ್ತುಕೊಂಡು ಜೇಬಿಗೆ ಹಾಕಿಕೊಂಡರು, ನಡಿಗೆ ಮುಗಿಯುವ ತನಕ ಕೊಡಲಿಲ್ಲ. ಸರಿಯಾಗಿ ಮಾಡಿದರು. ಆದರೆ ಇದನ್ನು ಬರವಣಿಗೆಯಲ್ಲಿ ನಿಯಮ ಮಾಡಿ ಎಂದರೆ ಕ್ಲಬ್ಬಿನವರು ದಾಕ್ಷಿಣ್ಯ ನೋಡುತ್ತಾರೆ.

ಪ್ರವಾಸಗಳಲ್ಲಿ ಹೆಂಗಸರ ಕಷ್ಟ ಯಾರೂ ಯೋಚಿಸುವುದಿಲ್ಲ. ಬೆಳಗ್ಗೆ ಐದಕ್ಕೆ ಹೊರಟು ಒಂಬತ್ತರ ತನಕ ಬಟಾಬಯಲು ಕೆರೆ ಅಂಗಳದಲ್ಲಿ ನಿಲ್ಲಿಸಿದರೆ ಬಾತ್‌ರೂಮಿಗೆ ಎಲ್ಲಿಗೆ ಹೋಗುವುದು? ಮೊದಲ ಸಲ ನೀರೇ ಕುಡಿಯದೆ ಇದ್ದು ಮಧ್ಯಾಹ್ನ ತಲೆನೋವು ಬಂತು. ಈಗ ನಾವು ಐದಾರು ಹೆಂಗಸರು ಒಟ್ಟಾಗಿ ಜಗಳ ಆಡಿ, ದಾರಿಯಲ್ಲಿ ಒಂದು ಹೋಟೆಲಿನ ಹತ್ತಿರ ಗಾಡಿ ನಿಲ್ಲಿಸಲೇಬೇಕು ಎಂದು ಮಾಡಿಸಿಕೊಂಡಿದ್ದೇವೆ. ಹೊಸದಾಗಿ ಸೇರುವವರು ನಮ್ಮ ಕಡೆ ನಿಲ್ಲಿ.

ಆದರೂ ಪ್ರವಾಸ ಬಿಡಬೇಡಿ. ಜನವರಿಯಲ್ಲಿ ಹದಿನಾರು ಕೆರೆಗೆ ಹೋಗಿದ್ದೆವು. ಅಲ್ಲಿ ಪಟ್ಟೆತಲೆ ಹೆಬ್ಬಾತು. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟಿ, ಅಂಚಿಗೆ ಪೈಪಿಂಗ್ ಇಟ್ಟಷ್ಟು ನೀಟು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುತ್ತವೆ. ಮಂಗೋಲಿಯಾದಲ್ಲಿ ಕೊರಳಿಗೆ ಗುರುತಿನ ಪಟ್ಟಿ ಹಾಕಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಸಿಕ್ಕಿವೆ. ಅವತ್ತು ನಮಗೆ ಸಿಗಲಿಲ್ಲ. ಫೆಬ್ರವರಿಯಲ್ಲಿ ಕೊಕ್ಕರೆಬೆಳ್ಳೂರು. ಮದ್ದೂರು ದಾಟಿ ರುದ್ರಾಕ್ಷಿಪುರದ ಹತ್ತಿರ ತಿರುಗಬೇಕು. ಮನೆ ಪಕ್ಕದ ಹುಣಸೆ ಮರದಲ್ಲೇ ಹೆಜ್ಜಾರ್ಲೆ ಗೂಡು. ಕೆಳಗೆ ಅಜ್ಜಿಯೊಬ್ಬರು ಪಾತ್ರೆ ತೊಳೆಯುತ್ತಿದ್ದರು. ವಾಸನೆ ಇಲ್ವಾ ಅಜ್ಜಿ ಎಂದು ಕೇಳಿದೆ. "ಹೆಣ್ಮಕ್ಕಳು ಬಾಣಂತನಕ್ಕೆ ಬಂದ್ರೆ ವಾಸನೆ ಅಂತೀಯೇನವ್ವ?" ಎಂದರು. ನನ್ನ ತಲೆ ಮೇಲಿಂದ ಪಕ್ಕಕ್ಕೆ ಒಂದು ಮೀನು ಬಿತ್ತು. ಕೊಡೆ ತೆಗೆದುಕೊಂಡು ಹೋಗಿ.

ಅದೇ ಫೆಬ್ರವರಿಯಲ್ಲಿ ನಾಲ್ಕು ದಿನ ಹಕ್ಕಿ ಎಣಿಕೆ ಇರುತ್ತದೆ, ಪ್ರಪಂಚದಲ್ಲೆಲ್ಲ ಒಟ್ಟಿಗೆ. ಎಲ್ಲಾದರೂ ಸರಿ, ಕನಿಷ್ಠ 15 ನಿಮಿಷ ನಿಂತು ಕಂಡ ಹಕ್ಕಿಗಳನ್ನು ಬರೆದು ಇ-ಬರ್ಡ್ ಎಂಬ ಆಪ್‌ನಲ್ಲಿ ಹಾಕಬೇಕು. ನಾನು ಅಂಗಡಿ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಎದುರಿನ ಹೊಂಗೆ ಮರ ನೋಡಿದೆ. 15 ನಿಮಿಷಕ್ಕೆ ಒಂಬತ್ತು ಜಾತಿ! ನಡುವೆ ಒಬ್ಬರು ಫಾಲ್ ಹಾಕಿಸಲು ಸೀರೆ ತಂದರು, "ಐದು ನಿಮಿಷ ಇರಿ, ಎಣಿಸ್ತಾ ಇದ್ದೀನಿ" ಎಂದೆ. ಅವರೂ ಪಕ್ಕದಲ್ಲಿ ನಿಂತು ಒಂದು ಕೆಂಬೂತ ತೋರಿಸಿದರು. ಇದರಿಂದ ಏನಾಗುತ್ತದೆ ಎಂದು ನಾನೂ ಕೇಳಿದ್ದೆ. 2023ರಲ್ಲಿ ನಮ್ಮ ದೇಶದ ಹಕ್ಕಿಗಳ ಸ್ಥಿತಿ ಹೇಗಿದೆ ಎಂಬ ವರದಿ ಬಂತು. 942 ಜಾತಿ ನೋಡಿದ್ದಾರೆ, 178ಕ್ಕೆ ತುರ್ತಾಗಿ ಗಮನ ಬೇಕು ಎಂದಿದ್ದಾರೆ. ಅದಕ್ಕೆ ಆಧಾರ ಹೀಗೆ ಸುಮಾರು 30,000 ಜನ ಬರೆದು ಹಾಕಿದ ಪಟ್ಟಿಗಳು. ನಮ್ಮ ರಾಜ್ಯದ ಹಕ್ಕಿ ನೀಲಕಂಠವೂ ಕಡಿಮೆಯಾಗುತ್ತಿದೆ ಎಂದು ತಿಳಿದದ್ದು ಅದರಿಂದಲೇ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದನ್ನು ಕನ್ನಡದ ಕಾರ್ಡ್ ಅಚ್ಚು ಹಾಕಿಸಿದ ದಿನ ಕೊಡುತ್ತೇನೆ. ಹೋಗುವವರು ಕೆಂಪು, ಜರಿ, ಫಳಫಳ ಬಟ್ಟೆ ಬೇಡ. ಮಾಸಲು ಹಸಿರು ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ನನ್ನ ಹತ್ತಿರ ಬನ್ನಿ. ಗೌರಿ ಹಬ್ಬದ ಮುಂಚಿನ ಎರಡು ಭಾನುವಾರ ಮಾತ್ರ ನಾನು ಕೆರೆ ಹತ್ತಿರ ಸಿಗುವುದಿಲ್ಲ. 40 ಬ್ಲೌಸ್ ಬಾಕಿ ಇರುತ್ತವೆ.