ಮೇಲಿನ ಬರ್ತ್‌ನಲ್ಲಿ ಟ್ಯೂನ್ ಹಾಕಲು ಯಾವ ಕಂಪ್ಯೂಟರ್?

ನಾಟಕಗಳಿಗೆ ಸಂಗೀತ ಮಾಡುವುದು ನನ್ನ ಕೆಲಸ. ಮನೆ ಬೆಂಗಳೂರಿನಲ್ಲಿ, ತಾಲೀಮು ಹೆಚ್ಚಾಗಿ ಧಾರವಾಡದಲ್ಲಿ, ಹಾಗಾಗಿ ಅರ್ಧ ಟ್ಯೂನುಗಳು ಹುಟ್ಟುವುದು ರಾತ್ರಿ ರೈಲಿನಲ್ಲೇ. ಇದಕ್ಕಂತಲೇ ಮೂರು ಸೆಕೆಂಡ್ ಹ್ಯಾಂಡ್ ಯಂತ್ರ ಹೊತ್ತು ತಿರುಗಿ ನೋಡಿದ್ದೇನೆ: ಹತ್ತು ಇಂಚಿನ ಒಂದು ವಿಂಡೋಸ್ ಟ್ಯಾಬ್ಲೆಟ್, ಒಂಬತ್ತನೇ ತಲೆಮಾರಿನ ಐಪ್ಯಾಡ್, ಎಂ1 ಚಿಪ್‌ನ ಮ್ಯಾಕ್‌ಬುಕ್ ಏರ್.

ಟ್ಯಾಬ್ಲೆಟ್ಟಿನ ಕತೆ ಬೇಗ ಮುಗಿಸುತ್ತೇನೆ. ಕಂಪನಿ ಹೆಸರು ಬೇಡ. 4 ಜಿಬಿ ರ‍್ಯಾಮ್. ರೀಪರ್ ಹಾಕಿದೆ, ಹಾಡು ರೆಕಾರ್ಡ್ ಮಾಡಿ ಜೋಡಿಸುವ ಚಿಕ್ಕ ಸಾಫ್ಟ್‌ವೇರ್, 60 ದಿನ ಪುಕ್ಕಟೆ ಬಳಸಿ ನೋಡಬಹುದು. ತಂಬೂರಿ, ಹಾರ್ಮೋನಿಯಂ, ಒಂದು ತಬಲಾ ಲೂಪ್ ತನಕ ಎಲ್ಲ ಸರಿ. ಸ್ಟ್ರಿಂಗ್ಸ್, ಅಂದರೆ ಪಿಟೀಲುಗಳ ಮೇಳದ ಸದ್ದು, ಸೇರಿಸಿದೆನೋ ಇಲ್ಲವೋ, ಚಟಪಟ ಸದ್ದು ಶುರು. ಬಫರನ್ನು, ಅಂದರೆ ಸದ್ದು ಹೊರಬಿಡುವ ಮುಂಚೆ ಕಂಪ್ಯೂಟರ್ ಕೂಡಿಟ್ಟುಕೊಳ್ಳುವ ತುಣುಕನ್ನು, 128ರಿಂದ 512ಕ್ಕೆ ಏರಿಸಿದರೆ ಸದ್ದು ನಿಲ್ಲುತ್ತದೆ, ಆದರೆ ಕೀ ಒತ್ತಿದ ಮೇಲೆ ಸ್ವರ ತಡವಾಗಿ ಬರುತ್ತದೆ. ಲೆಕ್ಕದಲ್ಲಿ ಸುಮಾರು 12 ಮಿಲಿಸೆಕೆಂಡ್, ಅದರ ಮೇಲೆ ಸದ್ದು ನಡೆಸುವ ಡ್ರೈವರ್ ಸಾಫ್ಟ್‌ವೇರಿನ ತಡ ಬೇರೆ. ಲಯ ಹಿಡಿದು ಬಾರಿಸುವಾಗ ಬೆರಳಿಗೆ ಗೊತ್ತಾಗಿಬಿಡುತ್ತದೆ. ಈಗ ಅಕ್ಕನ ಮಗ ಅದರಲ್ಲಿ ಕ್ರಿಕೆಟ್ ನೋಡುತ್ತಾನೆ.

ಐಪ್ಯಾಡ್ ಮೇಲೆ ನನಗೆ ನಂಬಿಕೆಯೇ ಇರಲಿಲ್ಲ, ಸುಮ್ನೆ ಆಟದ ಸಾಮಾನು ಅಂದುಕೊಂಡಿದ್ದೆ. ಅದರಲ್ಲಿ ಗ್ಯಾರೇಜ್‌ಬ್ಯಾಂಡ್ ಅನ್ನುವ ಆಪಲ್‌ನ ಸಂಗೀತದ ಆ್ಯಪ್ ಪುಕ್ಕಟೆ. ಅದರ ಕೀಬೋರ್ಡ್ ಪರದೆಯಲ್ಲಿ ಒಂದು ಬಟನ್ ಇದೆ, ಅದನ್ನು ಪಿಚ್‌ಗೆ ಬದಲಾಯಿಸಿಕೊಂಡರೆ ಕೀ ಮೇಲಿಟ್ಟ ಬೆರಳನ್ನು ಜಾರಿಸಿದಂತೆ ಸ್ವರವೂ ಜಾರುತ್ತದೆ. ದರ್ಬಾರಿ ರಾಗದ ಗಾಂಧಾರವನ್ನು ಮಾಮೂಲಿ ಕೀಬೋರ್ಡಿನಲ್ಲಿ ಒತ್ತಿದರೆ ಅದು ಕಂಬದ ಹಾಗೆ ನಿಂತಿರುತ್ತದೆ, ಅಲ್ವಾ? ಇಲ್ಲಿ ಗಾಜಿನ ಮೇಲೆ ಬೆರಳನ್ನು ಒಂಚೂರು ಅಲುಗಿಸಿದರೆ ಆಂದೋಲನ, ಅಂದರೆ ಸ್ವರದ ನಿಧಾನದ ತೂಗಾಟ, ಸಿಗುತ್ತದೆ. ಗಾಯಕರ ಗಂಟಲಿಗೆ ಸಮ ಅಲ್ಲ, ಒಪ್ಪಿದೆ. ಆದರೆ ಅರಸೀಕೆರೆ ದಾಟುವಷ್ಟರಲ್ಲಿ ಪಲ್ಲವಿ ರೆಕಾರ್ಡ್ ಮಾಡಿ, ಬೆಳಗ್ಗೆ ಹಾಡುವವರಿಗೆ ವಾಟ್ಸಾಪ್‌ನಲ್ಲಿ ಕಳಿಸಲು ಧಾರಾಳ ಸಾಕು.

ಐಪ್ಯಾಡ್ ಹಗುರ ಅನ್ನುತ್ತಾರಲ್ಲ, ಆ ಮಾತು ಮಾತ್ರ ಪೂರ್ತಿ ನಿಜ ಅಲ್ಲ. ಐಪ್ಯಾಡ್ ತೂಕ 487 ಗ್ರಾಂ. ಅದಕ್ಕೆ ಕವರ್, 25 ಕೀಗಳ ಪುಟ್ಟ ಮಿಡಿ ಕೀಬೋರ್ಡ್ (ಸ್ವರ ನುಡಿಸಲು ಯಂತ್ರಕ್ಕೆ ಸಿಕ್ಕಿಸುವಂಥದ್ದು), ಅದನ್ನು ಸಿಕ್ಕಿಸಲು ಅಡಾಪ್ಟರ್, ಚಾರ್ಜರ್ ಎಲ್ಲ ಸೇರಿಸಿ ಒಂದು ದಿನ ನಮ್ಮ ಬೀದಿಯ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟೆ. ಒಂದು ಕೆಜಿ ದಾಟಿತು. ಅಂಗಡಿಯವರು "ಬೇಳೆಗಿಂತ ಜಾಸ್ತಿ ಆಯ್ತಲ್ಲ ಸರ್" ಅಂದರು.

ಮ್ಯಾಕ್‌ಬುಕ್ ಏರ್ ಒಂದೇ 1.29 ಕೆಜಿ. ಮೇಲಿನ ಬರ್ತ್‌ನಲ್ಲಿ ಅದರ ಆಟ ನಡೆಯುವುದಿಲ್ಲ, ಕುತ್ತಿಗೆ ಬಗ್ಗಿಸಿ ಕೂತು ಹೊಟ್ಟೆಗೆ ಒತ್ತಿಕೊಂಡರೂ ಪರದೆ ಸರಿಯಾಗಿ ತೆರೆಯಲು ಜಾಗ ಸಾಲದು. ಆದರೆ ಲಾಡ್ಜ್ ಸೇರಿದ ಮೇಲೆ ಅದೇ ರಾಜ. ಅದರೊಳಗೆ ಫ್ಯಾನೇ ಇಲ್ಲ. ರೂಮಿನ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಮೈಕ್ ಪಕ್ಕದಲ್ಲೇ ಇಟ್ಟು ಹಾಡಿದರೂ ರೆಕಾರ್ಡಿಂಗ್‌ನಲ್ಲಿ ಗುಂಯ್ ಅನ್ನುವುದಿಲ್ಲ. ಸೆಕೆಗೆ ಬೆವರುವುದು ನಾವು ಮಾತ್ರ. ಇಪ್ಪತ್ತು ಟ್ರ್ಯಾಕ್ ಹಾಕಿದರೂ ತಡವರಿಸಲಿಲ್ಲ. ಐಪ್ಯಾಡಿನ ಗ್ಯಾರೇಜ್‌ಬ್ಯಾಂಡ್ ಫೈಲು ಮ್ಯಾಕ್‌ನ ಲಾಜಿಕ್ ಅನ್ನುವ ದೊಡ್ಡ ಸಂಗೀತ ಸಾಫ್ಟ್‌ವೇರಿನಲ್ಲಿ ನೇರವಾಗಿ ತೆರೆಯುತ್ತದೆ, ಟ್ರ್ಯಾಕುಗಳು ಬಿಡಿಬಿಡಿಯಾಗೇ ಇರುತ್ತವೆ. ಲಾಜಿಕ್ ಮ್ಯಾಕ್‌ಗೆ ಒಂದೇ ಸಲ ದುಡ್ಡು ಕೊಟ್ಟು ಕೊಳ್ಳಬಹುದು, ಐಪ್ಯಾಡಿನಲ್ಲಾದರೆ ಚಂದಾ.

ಒಂದೇ ಕೊಳ್ಳುವುದಾದರೆ? ಹಾಡು ಪೂರ್ತಿ ಮುಗಿಸಿ ಕೊಡಬೇಕಾದವರು ಏರ್ ತೆಗೆದುಕೊಳ್ಳಿ. ನನ್ನ ಹಾಗೆ ಟ್ಯೂನ್ ಹೊಳೆದಾಗ ಹಿಡಿದಿಡುವುದೇ ಮುಖ್ಯ ಅನ್ನುವವರಿಗೆ ಐಪ್ಯಾಡ್. ಯಾವುದನ್ನೇ ಕೊಂಡರೂ ಬ್ಲೂಟೂತ್ ಇಯರ್‌ಫೋನ್ ಮಾತ್ರ ಬೇಡ, ಸ್ವರ ಎಷ್ಟು ತಡವಾಗುತ್ತದೆ ಅಂದರೆ ತಾಳವೇ ತಪ್ಪುತ್ತದೆ. ಐಪ್ಯಾಡ್ ಕೊಳ್ಳುವ ಮುಂಚೆ ಇಯರ್‌ಫೋನ್ ಪಿನ್ನಿನ ತೂತು ಇದೆಯಾ ನೋಡಿ. ಒಂಬತ್ತನೆಯದರಲ್ಲಿ ಇದೆ, ಹತ್ತನೆಯದರಲ್ಲಿ ತೆಗೆದುಬಿಟ್ಟಿದ್ದಾರೆ.