ಇಂಗ್ಲಿಷ್ ಪದವರ್ಗ ಕಲಿಸಲು ಯಾವ ದಾರಿ ಮೇಲು?

ತೀರ್ಥಹಳ್ಳಿ ಕಡೆಯ ಹಳ್ಳಿಯೊಂದರಲ್ಲಿ ಸಂಜೆ ಹೊತ್ತು ಪ್ರೌಢಶಾಲೆಯ ಮಕ್ಕಳಿಗೆ ಇಂಗ್ಲಿಷ್ ವ್ಯಾಕರಣ ಹೇಳಿಕೊಡುತ್ತೇನೆ. ವಾಕ್ಯದಲ್ಲಿ ನೌನ್ ಯಾವುದು, ವರ್ಬ್ ಯಾವುದು ಎಂದು ಗುರುತಿಸಲು ಬೇರೆ ಬೇರೆ ವಿಧಾನಗಳನ್ನು ಪ್ರಯೋಗಿಸಿ ನೋಡಿದ್ದೇನೆ. ನನ್ನ ಮತ, ವಾಕ್ಯದಲ್ಲಿ ಬಿಟ್ಟ ಜಾಗಕ್ಕೆ ಪದ ಹೊಂದುತ್ತದೆಯೇ ಎಂದು ನೋಡುವ ಖಾಲಿ ಜಾಗದ ಪರೀಕ್ಷೆಗೆ.

ವ್ಯಾಖ್ಯೆ ಬಾಯಿಪಾಠ ಮಾಡಿಸುವುದು ಎಲ್ಲರಿಗೂ ಗೊತ್ತಿರುವ ದಾರಿ. ವ್ಯಕ್ತಿ, ಸ್ಥಳ, ವಸ್ತುವಿನ ಹೆಸರು ನೌನ್. ಕೆಲಸ ಸೂಚಿಸುವುದು ವರ್ಬ್. ತುಂಗಾ, ಆಗುಂಬೆ ಎಂದರೆ ಮಕ್ಕಳು ಥಟ್ಟನೆ ನೌನ್ ಎನ್ನುತ್ತಾರೆ. ‘ದಿ ಜರ್ನಿ ವಾಸ್ ಲಾಂಗ್’ ಎಂದು ಬರೆದರೆ ಮಾತ್ರ ಜರ್ನಿ ವರ್ಬ್ ಎಂದು ಹಟ ಹಿಡಿಯುತ್ತಾರೆ. ಪ್ರಯಾಣ ಮಾಡುವುದು ಕೆಲಸವಲ್ಲವೇ ಎಂಬುದು ಅವರ ವಾದ. ವ್ಯಾಖ್ಯೆಯನ್ನೇ ನಂಬಿದರೆ ಆ ವಾದದಲ್ಲಿ ತಪ್ಪು ಹುಡುಕುವುದು ಕಷ್ಟ.

ಪದದ ಕೊನೆ ನೋಡಿ ಹೇಳುವ ದಾರಿ ಚುರುಕಿನದು. ‘ನೆಸ್’, ‘ಮೆಂಟ್’ ಎಂದು ಮುಗಿದರೆ ಸಾಮಾನ್ಯವಾಗಿ ನೌನ್. ಪರೀಕ್ಷೆಯ ಅವಸರಕ್ಕೆ ಒದಗುತ್ತದೆ. ‘ಲಿ’ ಕಂಡಲ್ಲೆಲ್ಲ ಅಡ್ವರ್ಬ್ (ಕ್ರಿಯಾವಿಶೇಷಣ) ಎಂದುಕೊಂಡರೆ ಫ್ರೆಂಡ್ಲಿ ಕೈಕೊಡುತ್ತದೆ, ಅದು ಅಡ್ಜೆಕ್ಟಿವ್ (ನಾಮವಿಶೇಷಣ).

ಖಾಲಿ ಜಾಗದ ಪರೀಕ್ಷೆಯನ್ನು ಅಮೆರಿಕದ ಭಾಷಾವಿಜ್ಞಾನಿ ಚಾರ್ಲ್ಸ್ ಫ್ರೀಸ್ 1952ರಲ್ಲಿ ಪ್ರಕಟಿಸಿದ ತಮ್ಮ ಅಧ್ಯಯನದಲ್ಲಿ ವಿಸ್ತಾರವಾಗಿ ಬಳಸಿದರು. ಪದದ ಅರ್ಥವನ್ನು ಬದಿಗಿಟ್ಟು, ‘ದಿ — ವಾಸ್ ಗುಡ್’ ಎಂಬಂಥ ಚೌಕಟ್ಟಿನಲ್ಲಿ ಅದು ಕೂರುತ್ತದೆಯೇ ಎಂದು ನೋಡಬೇಕು. ಜರ್ನಿ ಕೂರುತ್ತದೆ, ನೌನ್. ವಾದ ಅಲ್ಲಿಗೆ ಮುಗಿಯಿತು. ಫಾಸ್ಟ್ ಎಂಬ ಒಂದೇ ಪದವನ್ನು ಬೋರ್ಡಿನ ಮೇಲೆ ನಾಲ್ಕು ಕಡೆ ಕೂರಿಸುತ್ತೇನೆ. ‘ಎ ಫಾಸ್ಟ್ ಬಸ್’ ಎಂದಾಗ ಅಡ್ಜೆಕ್ಟಿವ್, ‘ದಿ ಬಸ್ ರನ್ಸ್ ಫಾಸ್ಟ್’ ಎಂದಾಗ ಅಡ್ವರ್ಬ್. ‘ದೇ ಫಾಸ್ಟ್ ಆನ್ ಏಕಾದಶಿ’ ಎಂದರೆ ವರ್ಬ್, ‘ದಿ ಫಾಸ್ಟ್ ವಾಸ್ ಲಾಂಗ್’ ಎಂದರೆ ನೌನ್. ಅಕ್ಷರ ಒಂದೂ ಬದಲಾಗಿಲ್ಲ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಪದಕ್ಕೇ ಅಂಟಿರುವುದರಿಂದ ಪದಗಳನ್ನು ಹಿಂದುಮುಂದು ಮಾಡಿದರೂ ಅರ್ಥ ಕೆಡುವುದಿಲ್ಲ. ಅದೇ ರೂಢಿಯಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಇಂಗ್ಲಿಷಿನಲ್ಲಿ ಪದ ನಿಂತ ಜಾಗಕ್ಕೆ ಎಷ್ಟು ಬೆಲೆ ಎಂಬುದನ್ನು ಮೊದಲು ಕಾಣಿಸಬೇಕು. ಅದನ್ನು ಕಾಣಿಸುವುದು ಈ ವಿಧಾನ ಒಂದೇ.

ಇದಕ್ಕೂ ಮಿತಿಯಿದೆ. ‘ದಿ ಶಿವಮೊಗ್ಗ ವಾಸ್ ಗುಡ್’ ಎನ್ನಲಾಗದು, ಆದರೂ ಶಿವಮೊಗ್ಗ ನೌನ್. ಇಂಥ ಅಂಕಿತನಾಮಗಳಿಗೆ ಹಳೆಯ ವ್ಯಾಖ್ಯೆಯೇ ಸಾಕು.

ಅಮೆರಿಕದ ಶಿಕ್ಷಕರಾದ ರೀಡ್ ಮತ್ತು ಕೆಲಾಗ್ 1877ರಲ್ಲಿ ಪ್ರಚಾರಕ್ಕೆ ತಂದ ವಾಕ್ಯಚಿತ್ರವನ್ನೂ ಬಿಡಿಸಿ ನೋಡಿದ್ದೇವೆ. ಅಡ್ಡಗೆರೆಯ ಮೇಲೆ ಕರ್ತೃ ಮತ್ತು ಕ್ರಿಯೆ, ಕೆಳಗಿನ ಓರೆಗೆರೆಗಳಲ್ಲಿ ವಿಶೇಷಣಗಳು. ನೋಡಲು ಚೆಂದ, ಪದಪದಗಳ ಸಂಬಂಧವೂ ತಿಳಿಯುತ್ತದೆ. ಆದರೆ ಯಾವ ಪದ ಯಾವ ಗೆರೆಗೆ ಹೋಗಬೇಕು ಎನ್ನಲು ಅದರ ವರ್ಗ ಮೊದಲೇ ಗೊತ್ತಿರಬೇಕು. ಹಾಗಾಗಿ ಚೌಕಟ್ಟುಗಳು ಕರಗತವಾದ ಹತ್ತನೆಯ ತರಗತಿಯವರಿಗೆ ಮಾತ್ರ ಅದನ್ನು ಕಲಿಸುತ್ತೇನೆ.