ಯಜ್ದ್‌ನ ಅಗ್ನಿ ದೇವಾಲಯ: ಗೈಡ್ ಜೊತೆ ಅರ್ಧ ದಿನದ ಪ್ರವಾಸ

ಇರಾನಿನ ಯಜ್ದ್‌ಗೆ ಹೋದರೆ ಗೈಡ್ ಇಲ್ಲದೆ ಆತಶ್ ಬೆಹ್ರಾಂ ನೋಡಬೇಡಿ. ಇದು ಜರತುಷ್ಟ್ರ ಧರ್ಮದವರ, ಅಂದರೆ ನಮ್ಮ ಪಾರ್ಸಿಗಳ ಧರ್ಮದವರ, ಅಗ್ನಿ ದೇವಾಲಯ. ಕಟ್ಟಡ 1934ರದ್ದು, ಮುಂಬೈ ಪಾರ್ಸಿಗಳ ನೆರವಿನಿಂದ ಎದ್ದದ್ದು. ಬೆಂಕಿ ಮಾತ್ರ ಕ್ರಿ.ಶ. 470ರಿಂದ ಆರಿಲ್ಲವಂತೆ. ದರ್ಶನ ಗಾಜಿನಾಚೆಯಿಂದಲೇ. ಬರೀ ನೋಡಿ ಬಂದರೆ ನಿರಾಸೆ ಖಂಡಿತ.

ನಮ್ಮ ಗೈಡ್ ನಿವೃತ್ತ ಮೇಷ್ಟ್ರು. ಪುರೋಹಿತರು ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಸೌದೆ ಒಟ್ಟುವುದು ಉಸಿರು, ಎಂಜಲು ಬೆಂಕಿಗೆ ತಾಗಬಾರದೆಂದು ಅಂದರು. ಮಡಿ ಮನೆಯಲ್ಲಿ ಬೆಳೆದ ನನಗೆ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ. ಅವರ ಧರ್ಮಗ್ರಂಥ ಅವೆಸ್ತಾ ಲಿಪಿಗಿಳಿದದ್ದು ಹಿಂದೆ ಇರಾನನ್ನು ಆಳಿದ ಸಾಸಾನಿಯರ ಕಾಲದಲ್ಲಿ; ಅಲ್ಲಿಯವರೆಗೆ ಶತಮಾನಗಟ್ಟಲೆ ಅದನ್ನು ಉಳಿಸಿದ್ದು ಪುರೋಹಿತರ ಬಾಯಿಪಾಠ. ಮಾಗಿ, ಅಂದರೆ ಹಳೆಯ ಪರ್ಷಿಯಾದ ಪುರೋಹಿತ, ಇಲ್ಲದೆ ಪರ್ಷಿಯನ್ನರು ಬಲಿ ಕೊಡುವಂತಿರಲಿಲ್ಲ ಎಂದು ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದಿದ್ದಾನೆ. ಕ್ರಿಸ್ಮಸ್ ಗೋದಲಿಯಲ್ಲಿ ಕಾಣಿಕೆ ಹಿಡಿದು ನಿಲ್ಲುವ ಜ್ಞಾನಿಗಳನ್ನೂ ಬೈಬಲಿನ ಮತ್ತಾಯ ಮಾಗಿಗಳೆಂದೇ ಕರೆದದ್ದು. ಇಷ್ಟನ್ನೂ ಮೇಷ್ಟ್ರು ಅಂಗಳದ ಕೊಳದ ಪಕ್ಕ ಕೂತು ಹೇಳಿದ್ದು ಚೆನ್ನಾಗಿತ್ತು.

ಆದರೆ ಸ್ವರ್ಗ, ನರಕ, ಸೈತಾನ ಎಲ್ಲವನ್ನೂ ಯೆಹೂದ್ಯರು ಜರತುಷ್ಟ್ರ ಧರ್ಮದವರಿಂದಲೇ ಪಡೆದರು ಅಂದದ್ದು ಸ್ವಲ್ಪ ಅತಿಯಾಯಿತು. ವಿದ್ವಾಂಸರ ವಾದ ಇನ್ನೂ ಮುಗಿದಿಲ್ಲ. ಶವಗಳನ್ನು ಹದ್ದುಗಳಿಗೆ ಬಿಡುತ್ತಿದ್ದ ದಖ್ಮಾ ಗೋಪುರಗಳಿಗೆ ಸುಡು ಮಧ್ಯಾಹ್ನ ಹತ್ತಿಸಿದ್ದಂತೂ ಅನ್ಯಾಯ. ಸಂಜೆಗೆ ಕೇಳಿಕೊಳ್ಳಿ.

ಪ್ರವಾಸಕ್ಕೆ ಐದಕ್ಕೆ ನಾಲ್ಕು ಅಂಕ. ನಮ್ಮ ಬ್ಯಾಂಕ್ ಕಾರ್ಡ್ ಅಲ್ಲಿ ನಡೆಯಲ್ಲ, ನಗದು ಇಟ್ಟುಕೊಂಡಿರಿ.